ಆಂಟಿವೈರಸ್ ಆಫ್ ಮಾಡು ಅಂದಿದ್ದು ನಾನೇ!

ಮನೆಯಲ್ಲಿ ಒಬ್ಬರು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಸಾಕು, ಇಡೀ ಬಳಗಕ್ಕೆ ಅವರೇ ಕಂಪ್ಯೂಟರ್ ರಿಪೇರಿಯವರು. ನಾನು ಆಫೀಸಿನಲ್ಲಿ ಮಾಡೋದು ಪೇರೋಲ್ ಸಾಫ್ಟ್‌ವೇರಿನ ಕೆಲಸ. ಆದರೆ ನಮ್ಮ ದೊಡ್ಡಮ್ಮನ ಲೆಕ್ಕದಲ್ಲಿ ಪ್ರಿಂಟರ್‌ನಿಂದ ಹಿಡಿದು ಟಿವಿ ರಿಮೋಟ್‌ವರೆಗೆ ಎಲ್ಲವೂ ನನ್ನ ಇಲಾಖೆಯೇ. ನಿಮ್ಮ ಕಥೆಯೂ ಇದೇ ಅಲ್ವಾ?

ದೊಡ್ಡಮ್ಮನ ಮಗಳು, ಅಂದರೆ ನಮ್ಮಕ್ಕ, ತಿಪಟೂರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟಿದ್ದಾಳೆ. ಜೆರಾಕ್ಸ್, ಪಹಣಿ ಪ್ರಿಂಟ್, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆಯ ಡಿಟಿಪಿ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪಿಂಗ್. ಎಲ್ಲದಕ್ಕೂ ಇರೋದು ಒಂದೇ ಕಂಪ್ಯೂಟರ್. ಒಂದು ದಿನ ನಾನು ಮೆಟ್ರೋದಲ್ಲಿ ನಿಂತಿದ್ದಾಗ ಫೋನ್ ಬಂತು.

"ಲೋ, ಈ ಕಂಪ್ಯೂಟರ್ ಎತ್ತಿ ರಸ್ತೆಗೆ ಎಸೆಯೋ ಹಾಗಾಗಿದೆ ಕಣೋ. ಒಂದು ಪಹಣಿ ತೆಗೆಯೋಕೆ ಹತ್ತು ನಿಮಿಷ. ಜನ ಕಾದು ಕಾದು ಎದುರಿನ ಅಂಗಡಿಗೆ ಹೋಗ್ತಿದ್ದಾರೆ."

ಇಳಿಯುವ ಸ್ಟೇಷನ್ ಬಂದಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಆ ಆಂಟಿವೈರಸ್‌ದೇ ಕಾಟ ಅಕ್ಕಾ. ಆಫ್ ಮಾಡಿಡು, ಸರಿ ಹೋಗುತ್ತೆ."

ಆಫ್ ಮಾಡಿದಳು. ಕಂಪ್ಯೂಟರ್ ಒಂದಿಷ್ಟು ಚುರುಕೂ ಆಯಿತಂತೆ. "ನೀನು ಭಾರೀ ಬುದ್ಧಿವಂತ ಕಣೋ" ಅಂತ ವಾಟ್ಸಾಪ್ ಮೆಸೇಜೂ ಬಂತು.

ಎರಡನೇ ವಾರಕ್ಕೆ ಮತ್ತೆ ಫೋನ್. ಈ ಸಲ ದನಿ ಸಣ್ಣಗಾಗಿತ್ತು. ಹೈಸ್ಕೂಲ್ ಮೇಷ್ಟ್ರೊಬ್ಬರು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಿ ಪೆನ್ ಡ್ರೈವ್‌ನಲ್ಲಿ ಒಯ್ದಿದ್ದರು. ಶಾಲೆಯಲ್ಲಿ ಹಾಕಿ ನೋಡಿದರೆ ಒಂದು ಫೋಲ್ಡರೂ ಇಲ್ಲ, ಬರೀ ಶಾರ್ಟ್‌ಕಟ್‌ಗಳು. ಒಂದನ್ನು ಕ್ಲಿಕ್ ಮಾಡಿದ್ದಾರೆ, ಶಾಲೆಯ ಕಂಪ್ಯೂಟರಿಗೂ ಅಂಟಿದೆ. ಮೇಷ್ಟ್ರು ಅಂಗಡಿಗೆ ಬಂದು ನಾಲ್ಕು ಜನರ ಮುಂದೆ "ನಿಮ್ಮಲ್ಲಿಂದಲೇ ವೈರಸ್ ಬಂತಲ್ಲಮ್ಮ" ಅಂದು ಹೋಗಿದ್ದಾರೆ. ಸಣ್ಣ ಊರಿನಲ್ಲಿ ಆ ಒಂದು ಮಾತು ಸಾಕು, ಅಂಗಡಿಯ ಹೆಸರು ಕೆಡೋಕೆ.

ಭಾನುವಾರ ಬೆಳಗಿನ ರೈಲು ಹತ್ತಿದೆ.

ಅಲ್ಲಿ ಕಂಡಿದ್ದೇನು?

ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅಂತ ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಕಾಲಂಗಳಲ್ಲಿ ಕಾಣುತ್ತದೆ. ಡಿಸ್ಕ್ ಕಾಲಂ 100% ತೋರಿಸಿ ಕೆಂಪಗಾಗಿ ಕೂತಿತ್ತು. ಯಾಕೆ ಅಂತ ಒಂದೊಂದೇ ನೋಡುತ್ತಾ ಹೋದೆ.

ಒಂದು, ಆಂಟಿವೈರಸ್ ಒಂದಲ್ಲ, ಎರಡಿದ್ದವು. ಮೊದಲನೆಯದು ಕಂಪ್ಯೂಟರ್ ಕೊಂಡಾಗ ಅಂಗಡಿಯವನು ಹಾಕಿಕೊಟ್ಟಿದ್ದು, ಅದರ ಅವಧಿ ಯಾವಾಗಲೋ ಮುಗಿದಿತ್ತು. ಎರಡನೆಯದು ಭಾವ ಎಲ್ಲಿಂದಲೋ ಇಳಿಸಿಕೊಂಡ ಉಚಿತದ್ದು. ನಾನು "ಆಫ್ ಮಾಡು" ಅಂದಾಗ ಅಕ್ಕ ಪಾಪ ಎರಡನ್ನೂ ಆಫ್ ಮಾಡಿದ್ದಳು.

ಎರಡು, ಫುಲ್ ಸ್ಕ್ಯಾನ್ ವೇಳೆ ಬೆಳಿಗ್ಗೆ 11ಕ್ಕೆ ನಿಗದಿಯಾಗಿತ್ತು. ಅಂದರೆ ಅಂಗಡಿಯಲ್ಲಿ ಅತಿ ಹೆಚ್ಚು ಜನ ಇರೋ ಹೊತ್ತಿಗೆ.

ಮೂರು, ಒಳಗಿದ್ದದ್ದು ಹಳೇ ತಿರುಗುವ ಹಾರ್ಡ್ ಡಿಸ್ಕ್. ಮೆಮೊರಿ ಬರೀ 4 ಜಿಬಿ.

ನಾಲ್ಕು, ಮೂಲೆಯಲ್ಲಿ ಆಗಾಗ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ, ಕೂಡಲೇ ನವೀಕರಿಸಿ" ಅಂತ ಪೆಟ್ಟಿಗೆ ಹಾರುತ್ತಿತ್ತು. ಅದು ಆಂಟಿವೈರಸ್‌ನದ್ದೇ ಅಲ್ಲ! ಯಾವುದೋ ವೆಬ್‌ಸೈಟ್ "ನೋಟಿಫಿಕೇಶನ್ ಕಳಿಸಲಾ?" ಅಂದಾಗ ಯಾರೋ "ಅಲೋ" ಒತ್ತಿದ್ದರು. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ತೆಗೆದೆ, ಐದೂ ವೈರಸ್ ಮಾಯ.

ಎರಡು ಕಾವಲು ಯಾಕೆ ಬೇಡ?

ಆಂಟಿವೈರಸ್ ಸುಮ್ಮನೆ ಮೂಲೆಯಲ್ಲಿ ಕೂರುವ ಪ್ರೋಗ್ರಾಂ ಅಲ್ಲ. ನೀವು ಒಂದು ಫೈಲ್ ತೆರೆದರೆ, ಕಾಪಿ ಮಾಡಿದರೆ, ಡೌನ್‌ಲೋಡ್ ಮಾಡಿದರೆ, ಅದು ನಡುವೆ ಕೈ ಹಾಕಿ "ಸ್ವಲ್ಪ ತಾಳಿ, ನೋಡ್ತೀನಿ" ಅನ್ನುತ್ತದೆ. ಹಾಗೆ ತಡೆದು ನೋಡೋದೇ ಅದರ ಕೆಲಸ. ಇಬ್ಬರು ವಾಚ್‌ಮನ್‌ಗಳು ಒಂದೇ ಗೇಟಿನಲ್ಲಿ ನಿಂತು ಬಂದವರ ಚೀಲವನ್ನು ಇಬ್ಬರೂ ಬಿಚ್ಚಿಸಿ, ಆಮೇಲೆ ಒಬ್ಬರ ಚೀಲವನ್ನು ಇನ್ನೊಬ್ಬರು ಬಿಚ್ಚಿಸೋಕೆ ಶುರು ಮಾಡಿದರೆ ಏನಾಗುತ್ತೆ? ಸಾಲು ರಸ್ತೆಗೆ ಬರುತ್ತೆ. ಎರಡು ಆಂಟಿವೈರಸ್‌ಗಳ ಕಥೆಯೂ ಅಷ್ಟೇ. ಸುರಕ್ಷತೆ ದುಪ್ಪಟ್ಟಾಗೋಲ್ಲ, ಜಗಳ ಆಗುತ್ತೆ.

ಈ ಪ್ರೋಗ್ರಾಂಗಳು ಯಂತ್ರದ ಎಷ್ಟು ಆಳದಲ್ಲಿ ಕೂತಿರುತ್ತವೆ ಅನ್ನೋದನ್ನು ಜಗತ್ತೇ ನೋಡಿದ ದಿನ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬಹುದು. ಹಾಗಾಗಿ ಯಾವುದನ್ನು ಒಳಗೆ ಬಿಟ್ಟುಕೊಳ್ಳುತ್ತೀರಿ ಅನ್ನೋದು ಸಣ್ಣ ವಿಷಯ ಅಲ್ಲ.

ಹಾಗಾದರೆ ಯಾವುದು ಬೇಕು?

ನನ್ನ ಉತ್ತರ ಕೇಳಿ ಅಕ್ಕನಿಗೆ ನಂಬಿಕೆಯೇ ಬರಲಿಲ್ಲ: ಹೊಸದಾಗಿ ಏನೂ ಬೇಡ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ, ದುಡ್ಡಿಲ್ಲ. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಅದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಬೇರೆಯದನ್ನು ಪೂರ್ತಿ ತೆಗೆದರೆ ತಾನಾಗಿ ಎದ್ದು ಬರುತ್ತದೆ. ಗಮನಿಸಿ, ಪೂರ್ತಿ ತೆಗೆದರೆ. ನಾನು ಹೇಳಿದ ಹಾಗೆ ಬರೀ ಆಫ್ ಮಾಡಿಟ್ಟರೆ ಕೆಲವೊಮ್ಮೆ ಹಳಬನೂ ಕೆಲಸ ಮಾಡಲ್ಲ, ಹೊಸಬನನ್ನೂ ಒಳಗೆ ಬಿಡಲ್ಲ. ಅಕ್ಕನ ಅಂಗಡಿಯಲ್ಲಿ ಆಗಿದ್ದು ಅದೇ.

ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಬಾಲ ಉಳಿಯದ ಹಾಗೆ ಆಯಾ ಕಂಪನಿಯವರೇ ಕೊಡುವ ತೆಗೆಯುವ ಟೂಲ್ ಕೂಡ ಓಡಿಸಿದೆ. ರೀಸ್ಟಾರ್ಟ್ ಮಾಡಿದ ಮೇಲೆ ಡಿಫೆಂಡರ್ ಎದ್ದಿತು. ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಒಂದಿದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ, ಹಾಗಾಗಿ ಅಡಗಿ ಕೂತ ವೈರಸ್‌ಗೆ ತಪ್ಪಿಸಿಕೊಳ್ಳೋದು ಕಷ್ಟ. ಅದು ಮುಗಿಯೋ ಹೊತ್ತಿಗೆ ದೊಡ್ಡಮ್ಮ ಕಳಿಸಿದ ಉಪ್ಪಿಟ್ಟೂ ಮುಗಿಯಿತು.

ಡಿಫೆಂಡರ್ ಎಲ್ಲ ಪರೀಕ್ಷೆಯಲ್ಲೂ ಅತಿ ಹಗುರ ಅಂತ ನಾನು ಹೇಳೋಲ್ಲ. ದೊಡ್ಡ ದೊಡ್ಡ ಫೈಲ್ ಕಾಪಿ ಮಾಡುವಾಗ ಅದರ ಭಾರವೂ ಗೊತ್ತಾಗುತ್ತದೆ. ಬೇರೆಯದೇ ಬೇಕು ಅನ್ನುವವರು ಆರಿಸುವಾಗ ನೋಡಬೇಕಾದ್ದು ಇಷ್ಟು:

• ಜಾಹೀರಾತು ಬಿಟ್ಟು ಪರೀಕ್ಷೆಯ ಫಲಿತಾಂಶ ನೋಡಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಸ್ವತಂತ್ರ ಲ್ಯಾಬ್‌ಗಳು ಇದನ್ನೇ ಕಸುಬಾಗಿ ಮಾಡುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6 ಅಂಕ ಇಟ್ಟಿದೆ. ಎವಿ-ಕಂಪ್ಯಾರಟಿವ್ಸ್ ವೇಗಕ್ಕೆ ಅಂತಲೇ ಬೇರೆ ಪರೀಕ್ಷೆ ಮಾಡುತ್ತದೆ: ಫೈಲ್ ಕಾಪಿ, ಜಿಪ್ ಮಾಡೋದು, ಪ್ರೋಗ್ರಾಂ ತೆರೆಯೋದು, ಡೌನ್‌ಲೋಡ್, ಬ್ರೌಸಿಂಗ್. ವೇಗದ ಅಂಕ ಮಾತ್ರ ನೋಡಿ ಮರುಳಾಗಬೇಡಿ. ಏನನ್ನೂ ಹಿಡಿಯದ ಆಂಟಿವೈರಸ್ ಎಷ್ಟು ಹಗುರವಾಗಿದ್ದರೇನು?

• ಲ್ಯಾಬಿನ ಯಂತ್ರ ಬೇರೆ, ನಿಮ್ಮದು ಬೇರೆ. ಟ್ರಯಲ್ ಅವಧಿಯಲ್ಲಿ ನಿಮ್ಮ ದಿನದ ಕೆಲಸವನ್ನೇ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.

• "ಟೋಟಲ್", "ಅಲ್ಟಿಮೇಟ್" ಅಂತ ಹೆಸರಿದ್ದರೆ ಒಳಗೆ ವಿಪಿಎನ್, ಕ್ಲೀನರ್, ಪಾಸ್‌ವರ್ಡ್ ಪೆಟ್ಟಿಗೆ ಎಲ್ಲ ತುಂಬಿರುತ್ತದೆ. ಬಳಸದಿದ್ದರೂ ಎಷ್ಟೋ ಬಾರಿ ಅವು ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತವೆ. ಬರೀ ಆಂಟಿವೈರಸ್ ಸಿಕ್ಕರೆ ಅದನ್ನೇ ತಗೊಳ್ಳಿ.

• ಉಚಿತ ಅಂದರೆ ಅವರಿಗೆ ಆದಾಯ ಎಲ್ಲಿಂದ ಅಂತ ಕೇಳಿಕೊಳ್ಳಿ. ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಆರೋಪಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅವಾಸ್ಟ್ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು.

• ಮೊದಲ ವರ್ಷದ ಬೆಲೆಯಷ್ಟೇ ಅಲ್ಲ, ಎರಡನೇ ವರ್ಷದ್ದನ್ನೂ ನೋಡಿ. ತಾನಾಗಿ ನವೀಕರಣ ಆಗುವ ಆಯ್ಕೆ ಬೇಡದಿದ್ದರೆ ಆವತ್ತೇ ತೆಗೆದುಬಿಡಿ.

ಆಂಟಿವೈರಸ್‌ನದ್ದಲ್ಲದ ತಪ್ಪು

ಅಕ್ಕನ ಕಂಪ್ಯೂಟರಿನ ನಿಜವಾದ ಕಾಯಿಲೆ ಆ ಹಾರ್ಡ್ ಡಿಸ್ಕ್. ತಿರುಗುವ ಡಿಸ್ಕಿನಲ್ಲಿ ಒಂದು ಮುಳ್ಳು ಹಳೇ ಗ್ರಾಮಫೋನಿನ ಹಾಗೆ ಜಾಗದಿಂದ ಜಾಗಕ್ಕೆ ಓಡಬೇಕು. ಸ್ಕ್ಯಾನ್ ನಡೆಯುವಾಗ ಸಾವಿರಾರು ಸಣ್ಣ ಫೈಲ್‌ಗಳಿಗಾಗಿ ಅದು ಓಡಾಡುತ್ತಿದ್ದರೆ ನಿಮ್ಮ ಪಹಣಿ ಕಾಯಲೇಬೇಕು. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ಊರಿನ ರಿಪೇರಿ ಹುಡುಗನಿಗೆ ಹೇಳಿ ಎಸ್‌ಎಸ್‌ಡಿ ಹಾಕಿಸಿದೆವು, ಇನ್ನೊಂದು 4 ಜಿಬಿ ಮೆಮೊರಿ ಸೇರಿಸಿದೆವು. ಮೊದಲು ಕಂಪ್ಯೂಟರ್ ಆನ್ ಮಾಡಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದ ಅಕ್ಕ, ಈಗ ಕಾಫಿ ಬಸಿಯೋದರೊಳಗೆ ಆನ್ ಆಗಿರುತ್ತೆ ಅಂತಾಳೆ.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿದೆ. ವಾರದ ಸ್ಕ್ಯಾನ್ ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚುವ ಹೊತ್ತಿಗೆ ಬದಲಾಯಿಸಿದೆ. ಗಿರಾಕಿಗಳ ಪೆನ್ ಡ್ರೈವ್ ಹಾಕಿದರೆ ಮೊದಲು ಅದರ ಮೇಲೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್, ಆಮೇಲೆ ತೆರೆಯೋದು. ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ ಬಂದೆ.

ಇನ್ನೊಂದು ಮಾತು. ಅಪ್‌ಡೇಟ್ ಇಲ್ಲದ ವಿಂಡೋಸ್ ಮೇಲೆ ಎಂಥ ಆಂಟಿವೈರಸ್ ಹಾಕಿದರೂ ಮುರಿದ ಬಾಗಿಲಿಗೆ ಬೀಗ ಹಾಕಿದ ಹಾಗೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಫೈಲ್‌ಗಳನ್ನೆಲ್ಲ ಲಾಕ್ ಮಾಡಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿ ಇನ್ನೂ ಅದೇ ಇದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆರೆದು, 11ಕ್ಕೆ ಹೋಗಲು ಆಗುತ್ತಾ ಅಂತ ನೋಡಿ.

ಆಫೀಸ್ ಲ್ಯಾಪ್‌ಟಾಪ್ ನಿಧಾನ ಅಂತೀರಾ? ಅದರ ಭದ್ರತಾ ಸಾಫ್ಟ್‌ವೇರ್ ಮುಟ್ಟಬೇಡಿ. ಐಟಿಯವರಿಗೆ ಟಿಕೆಟ್ ಹಾಕಿ, ಟಾಸ್ಕ್ ಮ್ಯಾನೇಜರ್‌ನ ಸ್ಕ್ರೀನ್‌ಶಾಟ್ ಜೊತೆಗಿಡಿ. "ಸ್ಲೋ ಇದೆ" ಅನ್ನೋದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ಮೇಷ್ಟ್ರ ಪೆನ್ ಡ್ರೈವ್

ಸಂಜೆ ನಾವಿಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೈಲ್‌ಗಳನ್ನು ಅಳಿಸೋಲ್ಲ, ಬಚ್ಚಿಡುತ್ತದೆ ಅಷ್ಟೇ. ಅದು ಗೊತ್ತಿಲ್ಲದೆ ಎಷ್ಟೋ ಜನ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿ ನಿಜವಾಗಿಯೂ ಕಳಕೊಳ್ಳುತ್ತಾರೆ. ಪುಣ್ಯಕ್ಕೆ ಮೇಷ್ಟ್ರು ಹಾಗೆ ಮಾಡಿರಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಕ್ಯಾನ್ ಮಾಡಿ ವೈರಸ್ ತೆಗೆದು, ಬಚ್ಚಿಟ್ಟ ಗುರುತು ಅಳಿಸುವ ಒಂದು ಸಾಲಿನ ಕಮಾಂಡ್ ಕೊಟ್ಟೆ. ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿ, ಅವರ ಮಗಳ ಮದುವೆಯ ಫೋಟೊಗಳು ಎಲ್ಲ ಒಂದೊಂದಾಗಿ ಎದ್ದು ಬಂದವು. ಸೋಮವಾರ ಬೆಳಿಗ್ಗೆ ಬಸ್ ಹತ್ತುವ ಮೊದಲು ಶಾಲೆಯ ಕಂಪ್ಯೂಟರನ್ನೂ ಹೀಗೇ ಸರಿಮಾಡಿಕೊಟ್ಟೆ.

"ತಪ್ಪು ಅಕ್ಕಂದಲ್ಲ ಸಾರ್, ಆಫ್ ಮಾಡು ಅಂದೋನು ನಾನು" ಅಂದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಇಂಜಿನಿಯರಾ?" ಅಂದರು. ಹೌದು ಅನ್ನೋಕೂ ನಾಚಿಕೆಯಾಯಿತು. ಮುಂದಿನ ತಿಂಗಳ ಕಿರುಪರೀಕ್ಷೆಯ ಕೈಬರಹದ ಹಾಳೆಗಳನ್ನು ಒಳಗಿಂದ ತಂದು ಅಕ್ಕನ ಕೈಗೆ ಕೊಟ್ಟರು. ಬೇರೇನೂ ಹೇಳಲಿಲ್ಲ.

ದಾರಿಯಲ್ಲಿ ಅಕ್ಕ ಅಂದಳು: "ನೀನು ಹೇಳಿ ಮಾಡಿದ್ದು ಅಂತ ನಾನು ಆವತ್ತು ಅವರಿಗೆ ಹೇಳಿರಲಿಲ್ಲ ಕಣೋ. ನಿನ್ನ ಹೆಸರು ಯಾಕೆ ಕೆಡಿಸೋದು ಅಂತ."

ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಸಲಹೆ ಕೊಡುವ ನಮ್ಮಂಥವರನ್ನು ಮನೆಯವರು ಎಷ್ಟು ನಂಬುತ್ತಾರೆ ನೋಡಿ. ಈ ವಾರ ಊರಿಗೆ ಹೋದರೆ ಅಪ್ಪನದೋ ಅಕ್ಕನದೋ ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂತುಬಿಡಿ. ಆಂಟಿವೈರಸ್ ಎಷ್ಟಿವೆ ಎಣಿಸಿ, ಒಂದನ್ನು ಉಳಿಸಿ, ಸ್ಕ್ಯಾನ್ ವೇಳೆ ನೋಡಿ, ಅಪ್‌ಡೇಟ್ ಮಾಡಿ. ಆಮೇಲೂ ನಿಧಾನವಾಗಿದ್ದರೆ ಡಿಸ್ಕ್ ನೋಡಿ. ಆಫ್ ಮಾತ್ರ ಮಾಡಬೇಡಿ.