ಕಾವಲಿನ ಕೈ, ಅನ್ನದ ಕೈ

ಅಜ್ಜಂಪುರದ ಅಮೃತ ಮಹಲ್ ರಾಸುಗಳ ಕೀರ್ತಿ ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. ಒಂದು ಕಾಲಕ್ಕೆ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನು ಎಳೆದ ತಳಿಯದು. ಅದೇ ತಳಿ ಹೊಲವನ್ನೂ ಉತ್ತಿತು. ಬಲವು ತನ್ನಷ್ಟಕ್ಕೆ ಒಳಿತೂ ಅಲ್ಲ, ಕೆಡುಕೂ ಅಲ್ಲ. ಅದು ಯಾವ ಉದ್ದೇಶಕ್ಕಾಗಿ ದುಡಿಯುತ್ತದೆ ಎಂಬುದೇ ಮುಖ್ಯ. ಸಂಕಟದ ಕಾಲದಲ್ಲಿ ಶಾಂತಿಪಾಲಕ ಸೈನಿಕರೂ ಪರಿಹಾರ ಸಂಸ್ಥೆಗಳೂ ಹೇಗೆ ಜೊತೆಗೂಡಬೇಕು ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ವಿಚಾರಿಸಬೇಕು.

ಈ ಪ್ರಶ್ನೆಯನ್ನು ಹತ್ತಿರದಿಂದ ಎದುರಿಸಿದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. 1953ರಲ್ಲಿ ಕೊರಿಯಾದ ಕದನವಿರಾಮದ ಬಳಿಕ, ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಅವರ ಅಧ್ಯಕ್ಷತೆಯ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂದಿತು. ಭಾರತೀಯ ಸೈನಿಕರು ಶಿಬಿರಗಳನ್ನು ಕಾದರು. ಕೈದಿಗಳ ಮೇಲೆ ಬಲಪ್ರಯೋಗ ಸಲ್ಲದೆಂಬುದು ನಿಯಮವಾಗಿತ್ತು. ತಟಸ್ಥ ದೇಶಕ್ಕೆ ಹೋಗಬಯಸುವವರಿಗೆ ಆಯೋಗದೊಡನೆ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯೂ ನೆರವಾಗಬೇಕೆಂದು ಒಪ್ಪಂದದಲ್ಲೇ ಬರೆಯಲಾಗಿತ್ತು. ಕಾವಲು ಒಬ್ಬರದು, ಆರೈಕೆಯ ಹೊಣೆಯಲ್ಲಿ ಮತ್ತೊಬ್ಬರಿಗೂ ಪಾಲು.

1964ರ ಜುಲೈಯಲ್ಲಿ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕತ್ವ ವಹಿಸಿದರು. ಅಲ್ಲಿ ಗ್ರೀಕ್ ಮೂಲದ ಕ್ರೈಸ್ತರಿಗೂ ತುರ್ಕಿ ಮೂಲದ ಮುಸ್ಲಿಮರಿಗೂ ವೈರ ಬೆಳೆದಿತ್ತು. ಆ ಪಡೆಯ ಸೈನಿಕರು ಕೊಯ್ಲಿನ ಹೊಲಗಳಲ್ಲಿ ರೈತರಿಗೆ ಕಾವಲಾದರು. ರೆಡ್ ಕ್ರೆಸೆಂಟ್ ಸಂಸ್ಥೆಯ ಪರಿಹಾರ ಸಾಮಗ್ರಿ ಜನರನ್ನು ತಲುಪಲು ನೆರವಾದರು. 1965ರ ಡಿಸೆಂಬರಿನಲ್ಲಿ ಸೇವೆಯಲ್ಲಿರುವಾಗಲೇ ತಿಮ್ಮಯ್ಯನವರು ಅಲ್ಲಿ ನಿಧನರಾದರು. ಮರುವರ್ಷ ಸೈಪ್ರಸ್ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು.

ಇದಕ್ಕೆ ವಿರುದ್ಧವಾದ ಪಾಠವನ್ನು ಆಫ್ಘಾನಿಸ್ತಾನ ಕಲಿಸಿತು. 2004ರಲ್ಲಿ ಅಲ್ಲಿದ್ದ ಅಮೆರಿಕ ನೇತೃತ್ವದ ಪಡೆಗಳು ಶಾಂತಿಪಾಲಕರಲ್ಲ, ಯುದ್ಧದಲ್ಲಿ ಒಂದು ಪಕ್ಷದವರು. ನೆರವು ಮುಂದುವರಿಯಬೇಕಾದರೆ ಶತ್ರುಗಳ ಸುಳಿವು ಕೊಡಿ ಎಂಬ ಕರಪತ್ರಗಳನ್ನು ಅವು ಹಂಚಿದವು. ಅನ್ನ, ಔಷಧಿಗಳು ಹೀಗೆ ಬೇಹುಗಾರಿಕೆಯ ಬೆಲೆಯಾದಾಗ ವೈದ್ಯನೂ ಶತ್ರುವಾಗಿ ಕಾಣುತ್ತಾನೆ ಎಂದು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಪ್ರತಿಭಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಅದರ 5 ಮಂದಿ ಹತರಾದರು. ಸಂಸ್ಥೆ ಆ ದೇಶವನ್ನೇ ತೊರೆಯಿತು, ಮರಳಿದ್ದು 2009ರಲ್ಲಿ. ನಡುವಿನ ವರ್ಷಗಳ ನಷ್ಟವನ್ನು ಹೊತ್ತವರು ಬಡರೋಗಿಗಳು.

ಲಾರಿ, ಹೆಲಿಕಾಪ್ಟರ್, ಶಿಸ್ತು ಎಲ್ಲವೂ ಸೇನೆಯಲ್ಲಿರುವಾಗ ಹಂಚುವ ಕೆಲಸವನ್ನೂ ಅದಕ್ಕೇ ಏಕೆ ಬಿಡಬಾರದು ಎಂದು ಕೆಲವರು ಕೇಳುವುದುಂಟು. 2019ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದಾಗ ಸೇನೆಯೇ ಬಂದು ಸಿಲುಕಿದವರನ್ನು ಹೊರತಂದಿತು. ಅಲ್ಲಿ ಯಾರಿಗೂ ಅಳುಕಿರಲಿಲ್ಲ, ಏಕೆಂದರೆ ಪ್ರವಾಹಕ್ಕೆ ಪಕ್ಷವಿಲ್ಲ. ಆದರೆ ಮನುಷ್ಯ ಮನುಷ್ಯನನ್ನು ಹೊಡೆಯುವಲ್ಲಿ ಬಂದೂಕು ಹಿಡಿದ ಕೈಯಿಂದ ಬರುವ ತುತ್ತನ್ನು ಹಸಿದವನು ಅನುಮಾನದಿಂದಲೇ ನೋಡುತ್ತಾನೆ. ಆದ್ದರಿಂದ ಸೈನಿಕನು ದಾರಿಯನ್ನು ಕಾಯಲಿ. ಯಾರಿಗೆ ಎಷ್ಟು ಎಂಬುದನ್ನು ಹಸಿವು ನಿರ್ಧರಿಸಲಿ. ಸಹಕಾರವಿರಲಿ, ಆದರೆ ಇಬ್ಬರ ನಡುವಿನ ಗೆರೆ ಅಳಿಯದಿರಲಿ.

ಕಡೂರಿನ ಬರಕ್ಕೂ ಮಲೆನಾಡಿನ ಮಳೆಗೂ ನೆರವು ಸಂಗ್ರಹಿಸುವ ಧರ್ಮಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ನಮ್ಮ ಕೈಯಲ್ಲಿ ಬಂದೂಕಿಲ್ಲ. ಆದರೆ ಫಲಾನುಭವಿಗಳ ಪಟ್ಟಿಯಿದೆ. ಸಂತ್ರಸ್ತನ ಜಾತಿ, ಮತ, ಮತದಾನವನ್ನು ವಿಚಾರಿಸಿ ಬರೆದ ಪಟ್ಟಿಯೂ ಒಂದು ಬಗೆಯ ಕರಪತ್ರವೇ. ಗಾಯಗೊಂಡವನ ಕುಲವನ್ನು ಕೇಳದೆ ಎಣ್ಣೆ ಹೊಯ್ದ ಸಮಾರಿಯದವನನ್ನು ಆದರ್ಶವೆಂದು ಸಾರುವ ನಾವು ಪಟ್ಟಿ ಬರೆಯುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಂದು ಯಾರ ಮನೆಯಲ್ಲಿ ಒಲೆ ಉರಿದಿಲ್ಲ?