ಕ್ಯಾಸೆಟ್ಟಿನ ಅರ್ಧ ಚಿತ್ರ ಎಲ್ಲಿ ಹೋಯ್ತು?

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಎಷ್ಟೋ ಮನೆಗಳ ಟ್ರಂಕಿನಲ್ಲಿ, ಅಲಮಾರಿಯ ಮೇಲೆ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳು ಇನ್ನೂ ಇವೆ. ಮದುವೆ, ಜಾತ್ರೆಯವು ಕೆಲವು. ಟಿವಿಯಲ್ಲಿ ಬಂದಾಗ ವಿಸಿಆರ್ ಹಚ್ಚಿ ಹಿಡಿದಿಟ್ಟವು ಕೆಲವು. ಅವನ್ನು ಡಿಸ್ಕಿಗೆ ಹಾಕಿಸುವ ಹುಮ್ಮಸ್ಸು ಈಗಲೂ ಆಗಾಗ ಯಾರಿಗಾದರೂ ಬರುತ್ತದೆ. ಸಂತೋಷ. ಆದರೆ ಹಾಕಿಸಿಕೊಂಡು ಬಂದ ಫೈಲಿನ ಪ್ರಾಪರ್ಟೀಸ್ ಒಮ್ಮೆ ತೆಗೆದು ನೋಡಿ. ಬಹಳ ಸಲ ಅಲ್ಲಿ 352×288 ಅಂತ ಇರುತ್ತದೆ. ನನ್ನ ಸಿಟ್ಟೆಲ್ಲ ಈ ಒಂದು ಅಂಕಿಯ ಮೇಲೆ.

ಯಾಕೆ ಅಂತೀರಾ? ನಮ್ಮ ದೇಶದ ಅನಲಾಗ್ ಟಿವಿ ಪಾಲ್ ಪದ್ಧತಿಯದು. ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಇರುವುದು 576 ಗೆರೆಗಳಲ್ಲಿ. ಈ 576 ಒಟ್ಟಿಗೆ ಬರುವುದಿಲ್ಲ. ಒಂದು ಬಿಟ್ಟು ಒಂದರಂತೆ ಮೊದಲು 288 ಗೆರೆ, ಆಮೇಲೆ ನಡುವಿನ ಉಳಿದ 288 ಗೆರೆ. ಹೀಗೆ ಸೆಕೆಂಡಿಗೆ 50 ಕಂತು. ಒಂದೊಂದು ಕಂತಿಗೆ ಫೀಲ್ಡ್ ಅನ್ನುತ್ತಾರೆ. ಎರಡನೇ ಕಂತು ಮೊದಲನೆಯದರ ಉಳಿಕೆ ಮಾತ್ರ ಅಲ್ಲ, ಅದು ಸೆಕೆಂಡಿನ ಐವತ್ತನೇ ಒಂದು ಭಾಗ ಆಮೇಲಿನ ಬೇರೆಯೇ ಕ್ಷಣ. 352×288ರಲ್ಲಿ ಹಿಡಿದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ.. ಒಂದು ಫೀಲ್ಡ್ ಇಟ್ಟುಕೊಳ್ಳುವುದು, ಇನ್ನೊಂದನ್ನು ಎಸೆಯುವುದು. ಅರ್ಧ ಗೆರೆಯೂ ಹೋಯಿತು, ಅರ್ಧ ಚಲನೆಯೂ ಹೋಯಿತು.

ನಾವು ಕಲ್ಯಾಣದ ಮಂದಿ. ಹನ್ನೆರಡನೇ ಶತಮಾನದ ವಚನಗಳು ನಮಗೆ ಸಿಕ್ಕಿದ್ದು ಯಾರ್ಯಾರೋ ಓಲೆಯಿಂದ ಓಲೆಗೆ ನಕಲು ಮಾಡುತ್ತ ಬಂದಿದ್ದರಿಂದ, ಆಮೇಲೆ ಫ.ಗು. ಹಳಕಟ್ಟಿಯವರಂಥವರು ಆ ಕಟ್ಟುಗಳನ್ನು ಮನೆಮನೆ ಹುಡುಕಿ ಅಚ್ಚು ಹಾಕಿಸಿದ್ದರಿಂದ. ನಕಲು ಮಾಡುವಾತ "ಓಲಿ ಕಮ್ಮಿ ಅವ, ಓದೋರಿಗೇನು ಗೊತ್ತಾಗ್ತದ" ಅಂತ ಸಾಲು ಬಿಟ್ಟು ಸಾಲು ಬರೆದಿದ್ದರೆ? ನಾವು ಕ್ಯಾಸೆಟ್ಟುಗಳಿಗೆ ಮಾಡುತ್ತಿರುವುದು ಅದನ್ನೇ.

ಒಂದು ಕಾಲಕ್ಕೆ ಇದಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. 1993ರಲ್ಲಿ ಬಂದ ವಿಸಿಡಿಯ ಅಳತೆಯೇ 352×288. 700 ಎಂಬಿಯ ಒಂದು ಸಿಡಿಯಲ್ಲಿ 80 ನಿಮಿಷ ಕೂರುತ್ತಿತ್ತು. ಅದೇ ಚಿತ್ರವನ್ನು 720×576ರಲ್ಲಿ ಕುಗ್ಗಿಸದೆ ಹಿಡಿದರೆ ಗಂಟೆಗೆ ಸುಮಾರು 75 ಜಿಬಿ. 2000ದ ಆಸುಪಾಸಿನಲ್ಲಿ ಮನೆಯ ಕಂಪ್ಯೂಟರಿನ ಇಡೀ ಹಾರ್ಡ್‌ಡಿಸ್ಕ್ ಸಾಲುತ್ತಿರಲಿಲ್ಲ. ಆಗ ಹಾಗೆ ಮಾಡಿದವರನ್ನು ನಾನು ಬೈಯುವುದಿಲ್ಲ. ಈಗ? ಡಿವಿ ಮಾದರಿಯಲ್ಲಿ ಪೂರ್ತಿ 720×576 ಇಟ್ಟರೂ ಗಂಟೆಗೆ ಸುಮಾರು 13 ಜಿಬಿ. 1 ಟಿಬಿ ಡಿಸ್ಕಿನಲ್ಲಿ 70 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಇಡೀ ಓಣಿಯ ಕ್ಯಾಸೆಟ್ ತಂದು ಸುರಿದರೂ ಜಾಗ ಉಳಿದೀತು. ಆದರೂ ಸಾಫ್ಟ್‌ವೇರಿನ ಆ ಹಳೆಯ ಸೆಟ್ಟಿಂಗನ್ನು ಯಾರೂ ಮುಟ್ಟುವುದಿಲ್ಲ. ಕೇಳಿದರೆ "ಏನೂ ಫರಕ್ ಬೀಳಲ್ರೀ ಸರ್, ಟಿವ್ಯಾಗ ಛಂದ ಕಾಣ್ತದ" ಅನ್ನುವ ಉತ್ತರ.

ಫರಕ್ ಬೀಳುತ್ತದೆ ಸ್ವಾಮಿ. ನಮ್ಮ ಮುತ್ಯಾ ಇದ್ದ ಭಜನಾ ಮೇಳ ಒಮ್ಮೆ ಗುಲಬರ್ಗಾ ದೂರದರ್ಶನದಲ್ಲಿ ಹಾಡಿತ್ತು. ಕಾಕಾ ವಿಸಿಆರ್ ಬಾಡಿಗೆಗೆ ತಂದು ರೆಕಾರ್ಡ್ ಮಾಡಿದ್ದರು. ಕೆಲ ವರ್ಷಗಳ ಹಿಂದೆ ಒಂದು ಸ್ಟುಡಿಯೋದವರು ಅದನ್ನು ಡಿಸ್ಕಿಗೆ ಹಾಕಿಕೊಟ್ಟರು, 352×288. ಮೂಲ ಕ್ಯಾಸೆಟ್ ಕೇಳಿದರೆ "ಬೂಷ್ಟು ಹಿಡಿದಿತ್ರೀ, ಒಗದ್ವಿ" ಅಂದರು. ಈಗ ಹಿಂದಿನ ಸಾಲಿನಲ್ಲಿ ಕೂತ ಮುತ್ಯಾನ ಮಾರಿ ಕೆಲವೇ ಪಿಕ್ಸೆಲ್ಲಿನ ಒಂದು ಕಂದು ಮಚ್ಚೆ. ಅವ್ವ ರುಮಾಲಿನ ಮೇಲೆ ಗುರುತು ಹಿಡಿಯುತ್ತಾಳೆ. ತಾಳ ಕಾಣುತ್ತದೆ, ತಾಳ ಹಿಡಿದ ಬೆರಳು ಕಾಣುವುದಿಲ್ಲ. ಇನ್ನು ಎಂಥ ಸಾಫ್ಟ್‌ವೇರ್ ಬಂದರೂ ಆ ಎಸೆದ ಗೆರೆಗಳು ವಾಪಸ್ ಬರುವುದಿಲ್ಲ.

ಇಲ್ಲಿ ತಿಳಿದವರು ಒಂದು ವಾದ ಹೂಡುತ್ತಾರೆ. "ವಿಎಚ್‌ಎಸ್‌ನಲ್ಲಿ ಇರೋದೇ 240 ಗೆರೆ, ಅದಕ್ಕೆ 720×576 ಯಾಕೆ?" ಕೇಳಲು ಸರಿಯಾಗಿಯೇ ಇದೆ. ಆದರೆ ಆ 240 ಅಡ್ಡಗಲದ ವಿವರದ ಅಳತೆ. ಎಡದಿಂದ ಬಲಕ್ಕೆ ಎಷ್ಟು ಸೂಕ್ಷ್ಮ ಕಾಣುತ್ತದೆ ಅನ್ನುವುದು. ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 320 ಆದೀತು. ಮೇಲಿಂದ ಕೆಳಗೆ ಮಾತ್ರ ಕ್ಯಾಸೆಟ್ಟಿನಲ್ಲೂ 576 ಗೆರೆಯೇ ಇರುತ್ತದೆ. ಅಂದರೆ ಜಾಗ ಉಳಿಸಲೇಬೇಕಿದ್ದರೆ ಅಗಲದಲ್ಲಿ ಉಳಿಸಿ, 352×576 ಇಡಿ. ಎತ್ತರಕ್ಕೆ ಕತ್ತರಿ ಹಾಕಬೇಡಿ.

ಡಿವಿಡಿಗೇ ಹಾಕುವವರಿಗೆ ಇದು ಇನ್ನೂ ಮುಖ್ಯ. ಪಾಲ್ ಡಿವಿಡಿ ಒಪ್ಪುವ ಅಳತೆಗಳಲ್ಲಿ 720×576, 352×576, 352×288 ಮೂರೂ ಇವೆ. 4.7 ಜಿಬಿ ಡಿಸ್ಕಿನಲ್ಲಿ 2 ಗಂಟೆ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, 720×576ಕ್ಕೆ ಸಾಕು. 4 ಗಂಟೆ ತುರುಕಿದರೆ ಎರಡೂವರೆ ಚಿಲ್ಲರೆ. ಅಷ್ಟರಲ್ಲಿ 720 ಇಟ್ಟರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, 352×576 ಚೆನ್ನಾಗಿ ನಿಲ್ಲುತ್ತದೆ. 6 ಗಂಟೆ ಹಾಕುವವರಿಗೆ ನನ್ನದೊಂದೇ ಪ್ರಶ್ನೆ.. ಇನ್ನೊಂದು ಖಾಲಿ ಡಿವಿಡಿಗೆ ಎಷ್ಟು ರೂಪಾಯಿ? :-)

ಇನ್ನು ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳ ವಿಷಯ. ಇವುಗಳಲ್ಲಿ ಎಷ್ಟೋ 640×480ಕ್ಕೆ ಹೊಂದಿಕೊಂಡು ಕೂತಿರುತ್ತವೆ. ಅದು ಅಮೆರಿಕದ ಪದ್ಧತಿಗೆ ಸರಿ. ನಮ್ಮ 576 ಗೆರೆಯನ್ನು 480ಕ್ಕೆ ಹಿಂಡಿದರೆ ಎರಡು ಬೇರೆ ಕ್ಷಣಗಳ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಬೇರ್ಪಡಿಸುವುದು ಅಂದರೆ ಕಲಸಿದ ಅನ್ನದಿಂದ ಸಾರು ತೆಗೆದ ಹಾಗೆ. ಪೂರ್ತಿ ಹಿಡಿದಾಗ ಕಂಪ್ಯೂಟರಿನಲ್ಲಿ ಬಾಚಣಿಗೆ ಹಲ್ಲಿನಂಥ ಅಂಚು ಕಾಣುತ್ತದೆ ಅಂತ ಹೆದರಬೇಡಿ. ಎರಡೂ ಫೀಲ್ಡ್ ಕ್ಷೇಮವಾಗಿವೆ ಅನ್ನುವುದಕ್ಕೆ ಅದೇ ಸಾಕ್ಷಿ. ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಹಾಕಿ, ಹೋಗುತ್ತದೆ.

ಈಗ ಇನ್ನೊಂದು ತುದಿಯ ಹುಚ್ಚು. "ಹಳೆ ಕ್ಯಾಸೆಟ್ 4ಕೆ ಮಾಡಿಕೊಡಲಾಗುವುದು". ಏನಪ್ಪಾ ಅಂದರೆ, ಅದೇ 352×288 ಫೈಲನ್ನು ಎಳೆದು ದೊಡ್ಡದು ಮಾಡಿ, ಚೌಕ ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸಿ ಎಲ್ಲರನ್ನೂ ದಪ್ಪಗೆ ಮಾಡಿ ಕೊಡುವುದು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಇನ್ನೂ ಜೋರು. ಇಲ್ಲದ ಕಣ್ಣು, ಇಲ್ಲದ ಹಲ್ಲು ಅದೇ ಬರೆದುಕೊಳ್ಳುತ್ತದೆ. ಚಂದ ಕಂಡೀತು, ಆದರೆ ಅದು ಮುತ್ಯಾ ಅಲ್ಲ, ಮುತ್ಯಾನ ವಯಸ್ಸಿನ ಬೇರೆ ಯಾರೋ. ನುಡಿಯಲ್ಲಿ ಬರೆದ ಕಡತವನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರ ಕಳೆದುಕೊಂಡು ಒದ್ದಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲ ಕಡತ ಕೈಯಲ್ಲಿದ್ದರೆ ಮತ್ತೊಮ್ಮೆ ಪರಿವರ್ತಿಸಬಹುದು. ಇಲ್ಲದಿದ್ದರೆ ಊಹೆ ಅಷ್ಟೇ.

"ಹಳೇ ಟಿವಿ ಕಾರ್ಯಕ್ರಮಕ್ಕೆ ಇಷ್ಟೆಲ್ಲ ಯಾಕೆ?" ಅನ್ನುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಭಾಗಕ್ಕೆ. 1975-76ರಲ್ಲಿ ಎಟಿಎಸ್-6 ಉಪಗ್ರಹದ ಸೈಟ್ ಪ್ರಯೋಗ ನಡೆದಾಗ ರಾಜ್ಯದಿಂದ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. 2021ರ ಅಕ್ಟೋಬರ್ ಕೊನೆಗೆ ಕಲಬುರಗಿಯ ಆಂಟೆನಾ ಪ್ರಸಾರ ನಿಂತಿತು. ಆ ನಾಲ್ಕು ದಶಕಗಳಲ್ಲಿ ನಮ್ಮ ಮಾತಿನ ಧಾಟಿ, ನಮ್ಮ ಹಾಡು, ನಮ್ಮ ಜೋಳದ ಹೊಲ ಪರದೆಯ ಮೇಲೆ ಬಂದುಹೋದವು. ಅದೆಲ್ಲವನ್ನೂ ಯಾರೋ ಎಲ್ಲೋ ಜೋಪಾನ ಮಾಡಿರುತ್ತಾರೆ ಅಂತ ನಂಬಿ ಕೂರಬೇಡಿ. ಬಿಬಿಸಿಯಂಥ ಬಿಬಿಸಿಯೇ 'ಡಾಕ್ಟರ್ ಹೂ'ನ 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿಹಾಕಿತು. ಕಳೆದುಹೋದ ಆ ಕಂತುಗಳ ಧ್ವನಿ ಇಂದು ಉಳಿದಿರುವುದು ಮನೆಯಲ್ಲಿ ಟೇಪ್ ಹಚ್ಚಿಟ್ಟ ನೋಡುಗರಿಂದ. ಅಮೆರಿಕದ ಮೇರಿಯನ್ ಸ್ಟೋಕ್ಸ್ ಎಂಬ ಹೆಣ್ಣುಮಗಳು 2012ರಲ್ಲಿ ತೀರಿಕೊಳ್ಳುವವರೆಗೆ ದಶಕಗಳ ಕಾಲ ಮನೆಯಲ್ಲೇ ಟಿವಿ ಸುದ್ದಿ ರೆಕಾರ್ಡ್ ಮಾಡಿದರು. ಸುಮಾರು 70 ಸಾವಿರ ಟೇಪು. ಅವೀಗ ಇಂಟರ್ನೆಟ್ ಆರ್ಕೈವ್ ಪಾಲಾಗಿವೆ. ಅಂದರೆ ನಿಮ್ಮ ಟ್ರಂಕಿನಲ್ಲಿರುವುದೇ ಕೊನೆಯ ಪ್ರತಿ ಆಗಿರಬಹುದು.

ಕಾಲವೂ ಕಾಯುವುದಿಲ್ಲ. ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ಬೂಷ್ಟು ಹಿಡಿದ ಟೇಪು ಇನ್ನೆಷ್ಟು ಸಲ ಓಡೀತು? ಒಂದೇ ಸಲ ಓಡುವುದಾದರೆ ಆ ಒಂದು ಸಲ ಪೂರ್ತಿ ಹಿಡಿಯಬೇಕು.

ಆದ್ದರಿಂದ ನನ್ನ ಮಾತು ಇಷ್ಟೇ. ಮೂಲದಲ್ಲಿ ಎಷ್ಟಿದೆಯೋ ಅಷ್ಟು, ಕಮ್ಮಿಯೂ ಬೇಡ, ಹೆಚ್ಚೂ ಬೇಡ. ಕ್ಯಾಸೆಟ್ಟಾದರೆ 720×576, ಪಾಲ್, ಸೆಕೆಂಡಿಗೆ 25 ಫ್ರೇಮ್, ಎರಡೂ ಫೀಲ್ಡ್ ಹಾಗೇ ಇರಲಿ. ಡಿಜಿಟಲ್ಲಾಗಿಯೇ ಬರುವ ಪ್ರಸಾರವಾದರೆ ಬಂದ ಸ್ಟ್ರೀಮನ್ನು ಮತ್ತೆ ಕುಗ್ಗಿಸದೆ ಉಳಿಸಿ. ವಾಟ್ಸಾಪಿಗೆ ಬೇಕಾದ ಸಣ್ಣ ಪ್ರತಿಯನ್ನು ಅದರಿಂದ ಆಮೇಲೆ ಮಾಡಿಕೊಳ್ಳಿ, ಯಾರು ಬೇಡ ಅಂದರು? ಸ್ಟುಡಿಯೋಕ್ಕೆ ಕೊಡುವುದಾದರೆ ಈ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡಿ. ಫೈಲು ತೆರೆದು ನೋಡುವವರೆಗೆ ದುಡ್ಡು ಕೊಡಬೇಡಿ. ಮತ್ತು ಕ್ಯಾಸೆಟ್ಟನ್ನು ವಾಪಸ್ ತನ್ನಿ, ಬೂಷ್ಟು ಹಿಡಿದಿದ್ದರೂ ಸರಿ.

ನೀವೇನಂತೀರಿ? ಜಗಳಕ್ಕೆ ನಾನು ತಯಾರು. ಆದರೆ ಮೊದಲು ಹೋಗಿ ಫೈಲಿನ ಪ್ರಾಪರ್ಟೀಸ್ ನೋಡಿ ಬನ್ನಿ.