ದಂಪತಿಗಳ ಯೂರೋಪು ಪ್ರವಾಸ

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಮನೆಯ ಆಯವ್ಯಯ, ಮಕ್ಕಳ ವಿದ್ಯಾಭ್ಯಾಸ, ಅತಿಥಿಸತ್ಕಾರ ಮುಂತಾದ ವಿಷಯಗಳನ್ನೇ ಕುರಿತು ಬರೆಯುತ್ತ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಈ ತಿಂಗಳು ಆ ಕ್ರಮವನ್ನು ಬಿಟ್ಟು ದೂರದ ಮಾತೊಂದನ್ನು ಎತ್ತಿಕೊಂಡಿರುವೆವು. ದೂರದ್ದಾದರೂ ಇದು ಕೊನೆಗೆ ಮನೆಗೇ ಬಂದು ಸೇರುವ ಮಾತಾದುದರಿಂದ ವಾಚಕರು ಬೇಸರಪಡಲಾರರೆಂದು ನಂಬಿದ್ದೇವೆ.

ಉದ್ಯೋಗದಿಂದ ನಿವೃತ್ತರಾದ ಮೇಲೆ ಪತ್ನೀಸಮೇತರಾಗಿ ಒಮ್ಮೆ ಯೂರೋಪು ಖಂಡವನ್ನು ನೋಡಿಬರಬೇಕೆಂಬ ಹಂಬಲ ನಮಗೆ ಬಹುಕಾಲದಿಂದ ಇದ್ದಿತು. ಮನೆಯ ಸಾಲ, ಮಗಳ ಮದುವೆ, ಮಗನ ಓದು ಎಂದು ವರ್ಷಗಳು ಕಳೆದುವು. ಕಡೆಗೆ ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಅದು ಕೈಗೂಡಿತು. ಈಗ ಇಂಥ ಯಾತ್ರೆಗೆ ಹೊರಡುವ ದಂಪತಿಗಳು ನಮ್ಮ ನಾಡಿನ ಸಣ್ಣ ಊರುಗಳಲ್ಲಿಯೂ ಇರುವರು. ನಾವು ಪಟ್ಟ ಸುಖವನ್ನೂ ಮಾಡಿದ ತಪ್ಪನ್ನೂ ಬರೆದಿಟ್ಟರೆ ಅವರಿಗೆ ಉಪಯೋಗವಾದೀತು.

ಮೊದಲು ರಹದಾರಿಯ ವಿಚಾರ. 1985ರಲ್ಲಿ ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯಲ್ಲಿ ಆದ ಒಡಂಬಡಿಕೆಯ ಫಲವಾಗಿ ಈಗ ಯೂರೋಪಿನ 29 ದೇಶಗಳಿಗೆ ಒಂದೇ ವೀಸಾ ಸಾಕು. 180 ದಿನಗಳ ಅವಧಿಯಲ್ಲಿ 90 ದಿನ ಅಲ್ಲಿರಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ಇರುವೆವೋ ಆ ದೇಶದವರಿಗೆ ಅರ್ಜಿ ಸಲ್ಲಿಸಬೇಕು. ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಅದನ್ನು ತೆಗೆದುಕೊಳ್ಳುವುದಿಲ್ಲ. ಕಾಯಿಲೆ ಕಸಾಲೆಯ ವೆಚ್ಚಕ್ಕೆ 30,000 ಯೂರೋಗಳಿಗೆ ಕಡಿಮೆಯಿಲ್ಲದ ವಿಮೆಯನ್ನು ಮಾಡಿಸಿರಬೇಕು. ಆಮೇಲೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದು ಬೆಂಗಳೂರಿನಿಂದ ಮದರಾಸಿಗೆ ಹೋದಂತೆಯೇ.

ಈ ಸೌಕರ್ಯವೇ ನಮ್ಮ ತಲೆ ತಿರುಗಿಸಿತು. ಗಡಿಗಳೇ ಇಲ್ಲವೆಂದಮೇಲೆ ಎಷ್ಟು ದೇಶ ಸಾಧ್ಯವೋ ಅಷ್ಟನ್ನೂ ನೋಡಿಬಿಡಬೇಕೆಂದು ಲೆಕ್ಕದ ಪುಸ್ತಕದಲ್ಲಿ ಪಟ್ಟಿ ಎಳೆದೆವು. ಪ್ಯಾರಿಸಿನಲ್ಲಿ 4 ರಾತ್ರಿ, ಸ್ವಿಜರ್ಲೆಂಡಿನ ಲುಸರ್ನಿನಲ್ಲಿ 3, ವೆನಿಸಿನಲ್ಲಿ 2, ವಿಯೆನ್ನಾದಲ್ಲಿ 3, ಅಲ್ಲಿಂದ ಪ್ರಾಗು ಮತ್ತು ಬುಡಾಪೆಸ್ಟುಗಳಲ್ಲಿ ಎರಡೆರಡು; ಮತ್ತೆ ವಿಯೆನ್ನಾಕ್ಕೆ ಬಂದು ವಿಮಾನ ಹತ್ತುವುದು. ಒಟ್ಟು 16 ರಾತ್ರಿ, 6 ದೇಶ. ನಮ್ಮ ಗೃಹಿಣಿ ಪಟ್ಟಿಯನ್ನು ಪೂರ್ತಿಯಾಗಿ ಓದಿ, “ಕುಳಿತುಕೊಳ್ಳುವುದು ಯಾವಾಗ?” ಎಂದಳು. “ರೈಲಿನಲ್ಲಿ” ಎಂದೆವು.

ಪ್ಯಾರಿಸ್ ಪಟ್ಟಣದಲ್ಲಿ ಪಟ್ಟಿಯ ಆಜ್ಞೆಯಂತೆ ನಡೆದೆವು. ಫ್ರೆಂಚ್ ಮಹಾಕ್ರಾಂತಿಯ ಶತಮಾನೋತ್ಸವಕ್ಕೆಂದು 1889ರಲ್ಲಿ ಕಟ್ಟಿದ ಐಫೆಲ್ ಗೋಪುರವನ್ನು 20 ವರ್ಷಗಳ ತರುವಾಯ ಕಿತ್ತುಹಾಕಬೇಕೆಂದಿತ್ತಂತೆ. ತಂತಿಯಿಲ್ಲದೆ ವಾರ್ತೆ ಕಳುಹಿಸುವುದಕ್ಕೆ ಉಪಯೋಗಕ್ಕೆ ಬಂದುದರಿಂದ ಅದು ಉಳಿಯಿತು. ಈಗ ಅದರ ಎತ್ತರ 330 ಮೀಟರ್. 2019ರ ಏಪ್ರಿಲಿನಲ್ಲಿ ಬೆಂಕಿಗೆ ತುತ್ತಾಗಿದ್ದ ನೋತ್ರ್ ದಾಮ್ ದೇವಾಲಯ 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆದಿದೆ. ಒಳಗಿನ ಕಲ್ಲು ನಿನ್ನೆ ಕಡೆದಂತೆ ಬೆಳ್ಳಗಿದೆ. ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಮೋನಾ ಲಿಸಾ ಚಿತ್ರದ ಮುಂದೆ ಜಾತ್ರೆಯ ತೇರಿನ ಮುಂದಿನಷ್ಟು ಜನ. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ ಮಾತ್ರ. ಮುಂದಿನವರು ಎತ್ತಿ ಹಿಡಿದ ಮೊಬೈಲುಗಳ ಸಂದಿಯಿಂದ ದರ್ಶನ ಮಾಡಿಕೊಂಡು, ಪಟ್ಟಿಯಲ್ಲಿ ಗುರುತು ಹಾಕಿ ಹೊರಬಿದ್ದೆವು.

ಮೂರನೆಯ ದಿನ ಲಕ್ಸೆಂಬರ್ಗ್ ಹೆಸರಿನ ಉದ್ಯಾನವನದಲ್ಲಿ ಗೃಹಿಣಿ ಒಂದು ಹಸಿರು ಬಣ್ಣದ ಕಬ್ಬಿಣದ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಅಲ್ಲಿನ ಕೊಳದಲ್ಲಿ ಮಕ್ಕಳು ಹಾಯಿಕಟ್ಟಿದ ಪುಟ್ಟ ದೋಣಿಗಳನ್ನು ಬಾಡಿಗೆಗೆ ತಂದು ಕೋಲಿನಿಂದ ನೂಕಿ ಆಡುವರು. ಆಕೆ ಅದನ್ನು ಒಂದೂವರೆ ಗಂಟೆ ನೋಡಿದಳು. ನಾವು ಪಕ್ಕದಲ್ಲಿ ಗಡಿಯಾರ ನೋಡಿಕೊಂಡು ನಿಂತಿದ್ದೆವು. ಪ್ಯಾರಿಸಿನಿಂದ ಆಕೆ ತಂದುದು ಆ ಕೊಳ; ನಾವು ತಂದುದು ಹನ್ನೊಂದು ಗುರುತುಗಳು.

ಲುಸರ್ನಿಗೆ ಬಾಸೆಲ್ ಮಾರ್ಗವಾಗಿ ರೈಲಿನಲ್ಲಿ ಹೋದೆವು. ಸ್ವಿಜರ್ಲೆಂಡಿನಲ್ಲಿ ಯೂರೋ ಅಲ್ಲ, ಫ್ರಾಂಕು ನಾಣ್ಯ; ಬೆಲೆಗಳು ಎದೆ ನಡುಗಿಸುವಂಥವು. ಊರಿನ ನಡುವೆ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಮುಚ್ಚಿಗೆಯುಳ್ಳ ಮರದ ಸೇತುವೆಯಿದೆ. 1993ರಲ್ಲಿ ಅದರ ಬಹುಭಾಗ ಸುಟ್ಟುಹೋಗಿ, ಮರುವರ್ಷವೇ ಹಿಂದಿನಂತೆ ಎದ್ದು ನಿಂತಿತು. ಪಿಲಾಟುಸ್ ಬೆಟ್ಟಕ್ಕೆ ಹಲ್ಲುಗಾಲಿಯ ರೈಲೊಂದು ಏರುವುದು; ನೂರು ಮಾರು ಮುಂದಕ್ಕೆ ಹೋದರೆ ನಲವತ್ತೆಂಟು ಮಾರು ಮೇಲಕ್ಕೆ. ಅದೂ ಐಫೆಲ್ ಗೋಪುರದ ವರ್ಷವಾದ 1889ರಲ್ಲಿಯೇ ಆದುದು. ಬೆಟ್ಟ ಇಳಿದ ಸಂಜೆ ಗೃಹಿಣಿಯ ಬಲಗಾಲಿನ ಮಂಡಿ ಊದಿಕೊಂಡಿತ್ತು. ಇದು ಆಗ ನಮಗೆ ತಿಳಿಯಲಿಲ್ಲ. ಆಕೆ ಹೇಳಲಿಲ್ಲ, ನಾವು ಕೇಳಲಿಲ್ಲ.

ಅಲ್ಲಿಂದ ಇಟಲಿಗೆ. 2016ರಲ್ಲಿ ತೆರೆದ ಗೊಟ್ಟಾರ್ಡ್ ಸುರಂಗ 57 ಕಿಲೋಮೀಟರ್ ಉದ್ದವಿದ್ದು, ಲೋಕದ ರೈಲು ಸುರಂಗಗಳಲ್ಲಿ ಅತಿ ಉದ್ದವಾದುದು. ಸುಮಾರು 20 ನಿಮಿಷ ಆಲ್ಪ್ಸ್ ಪರ್ವತದ ಹೊಟ್ಟೆಯೊಳಗಿದ್ದು ಹೊರಬಂದು, ಮಿಲಾನಿನಲ್ಲಿ ಗಾಡಿ ಬದಲಾಯಿಸಿ, ಸಂಜೆಗೆ ವೆನಿಸನ್ನು ಸೇರಿದೆವು.

ವೆನಿಸ್ ನೂರಕ್ಕೂ ಮಿಕ್ಕ ನಡುಗಡ್ಡೆಗಳ ಮೇಲೆ ನಿಂತ ಊರು. ಸೇತುವೆಗಳು 400ಕ್ಕಿಂತ ಹೆಚ್ಚು, ಗಾಲಿಯ ವಾಹನವಿಲ್ಲ. ದೋಣಿಗಳು ಕೆಳಗೆ ನುಸುಳಬೇಕಾದುದರಿಂದ ಸೇತುವೆಗಳು ಕಮಾನಿನಂತೆ ಎದ್ದಿವೆ. ಪ್ರತಿಯೊಂದಕ್ಕೂ ಹತ್ತುವ ಮೆಟ್ಟಿಲು, ಇಳಿಯುವ ಮೆಟ್ಟಿಲು. ಮಂಡಿನೋವಿನವರಿಗೆ ಅದೆಂಥ ಊರೆಂದು ಬೇರೆ ಹೇಳಬೇಕಾದುದಿಲ್ಲ.

ಎರಡನೆಯ ದಿನ ಬೆಳಿಗ್ಗೆ 1591ರಲ್ಲಿ ಮುಗಿದ ರಿಯಾಲ್ಟೋ ಸೇತುವೆಯನ್ನು ನೋಡಿ, ಸಂತ ಮಾರ್ಕನ ಚೌಕದ ಕಡೆಗೆ ಹೊರಟೆವು. ಮಧ್ಯಾಹ್ನಕ್ಕೆ ಪಟ್ಟಿಯಲ್ಲಿ ಇನ್ನೂ ಮೂರು ಸ್ಥಳಗಳಿದ್ದುವು. ಎಂದಿನಂತೆ ನಾವು ಮುಂದೆ, ಆಕೆ ಹಿಂದೆ. ಓಣಿಗಳು ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಇಕ್ಕಟ್ಟು. ನಾಲ್ಕೈದು ತಿರುವು, ಎರಡು ಸೇತುವೆ ದಾಟಿದ ಮೇಲೆ ಏನನ್ನೋ ತೋರಿಸಲೆಂದು ತಿರುಗಿದರೆ ಹಿಂದೆ ಆಕೆ ಇರಲಿಲ್ಲ.

ಬಂದ ದಾರಿಯಲ್ಲಿ ಓಡಿದೆವು. ಅದು ಬಂದ ದಾರಿಯಲ್ಲವೆಂದು ಆಮೇಲೆ ಗೊತ್ತಾಯಿತು. ಕೆಲಸಮಾಡುವ ಮೊಬೈಲು ಒಂದೇ. ಅದು ನಮ್ಮ ಜೇಬಿನಲ್ಲಿತ್ತು. ವಸತಿಯ ವಿಳಾಸ, ಹಣದ ಚೀಲ, ರಹದಾರಿಗಳು ಎಲ್ಲವೂ ನಮ್ಮಲ್ಲಿಯೇ. ಆಕೆಯ ಕೈಯಲ್ಲಿ ಒಂದು ನೀರಿನ ಶೀಸೆ. ಕೂಗೋಣವೆಂದರೆ ಏನೆಂದು ಕೂಗುವುದು? 38 ವರ್ಷಗಳ ಸಂಸಾರದಲ್ಲಿ ನಾವು “ಇವಳೇ” ಎಂದೇ ಕರೆದವರು. ವೆನಿಸಿನ ಓಣಿಯಲ್ಲಿ ನಿಂತು “ಇವಳೇ” ಎಂದರೆ ಯಾರು ತಿರುಗುವರು? ಆ ದಿನ ಮೊದಲ ಬಾರಿಗೆ ಆಕೆಯನ್ನು ಹೆಸರು ಹಿಡಿದು ಬೀದಿಯಲ್ಲಿ ಕೂಗಿದೆವು. ಜನ ನೋಡಿದರು. ನಾಚಿಕೆಯೆನಿಸಲಿಲ್ಲ.

ಒಂದು ಗಂಟೆಯ ಮೇಲೆ, ಕಲ್ಲಿನ ಹಳೆಯ ಬಾವಿಕಟ್ಟೆಯಿದ್ದ ಒಂದು ಚಿಕ್ಕ ಚೌಕದಲ್ಲಿ ಆಕೆ ಸಿಕ್ಕಿದಳು. ಕಟ್ಟೆಯ ಮೆಟ್ಟಿಲ ಮೇಲೆ ಬಲಗಾಲನ್ನು ನೀಡಿಕೊಂಡು, ಚೆಂಡಾಡುವ ಹುಡುಗರನ್ನು ನೋಡುತ್ತ ಕುಳಿತಿದ್ದಳು. ಮಂಡಿ ತೆಂಗಿನಕಾಯಿಯಷ್ಟಾಗಿತ್ತು.

“ಇಲ್ಲೇ ಇದ್ದರೆ ಒಂದಲ್ಲ ಒಂದು ಹೊತ್ತಿಗೆ ತಿರುಗಿ ನೋಡುತ್ತೀರೆಂದುಕೊಂಡೆ” ಎಂದಳು. “ಮಂಡಿಯ ವಿಷಯ ಏಕೆ ಹೇಳಲಿಲ್ಲ?” ಎಂದೆವು. “ಹೇಳಿದರೆ ಪಟ್ಟಿ ಕೆಡುತ್ತಿತ್ತು. ನೀವು ಎಷ್ಟೋ ವರ್ಷದಿಂದ ಕೂಡಿಟ್ಟ ಹಣ” ಎಂದಳು. ಕೋಪವಿಲ್ಲದ ಆ ಮಾತಿಗೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಪಕ್ಕದಲ್ಲಿ ಕುಳಿತೆವು. ಆ ಪ್ರಯಾಣದಲ್ಲಿ, ರೈಲಿನ ಹೊರಗೆ, ನಾವು ಆಕೆಯ ಪಕ್ಕದಲ್ಲಿ ಸುಮ್ಮನೆ ಕುಳಿತದ್ದು ಅದೇ ಮೊದಲು.

ಆ ರಾತ್ರಿ ಪ್ರಾಗನ್ನೂ ಬುಡಾಪೆಸ್ಟನ್ನೂ ಪಟ್ಟಿಯಿಂದ ಹೊಡೆದುಹಾಕಿದೆವು. ಕೊಠಡಿಗಳಿಗೆ ಕೊಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಲಿಲ್ಲ. ರೈಲುಚೀಟಿಯ ಹಣ ಪೂರ್ತಿ ಹೋಯಿತು. ಲೆಕ್ಕವಿಡುವ ಮನುಷ್ಯರಾದ ನಮಗೆ ಅದು ನೋಯಲಿಲ್ಲವೆಂದರೆ ಸುಳ್ಳಾದೀತು. ವೆನಿಸಿನಲ್ಲಿ ಇನ್ನೆರಡು ರಾತ್ರಿಗೆ ಅದೇ ಕೊಠಡಿ ಸಿಕ್ಕಿತು. ಉಳಿದ ಎರಡು ರಾತ್ರಿಗಳನ್ನು ವಿಯೆನ್ನಾಕ್ಕೆ ಸೇರಿಸಿದೆವು.

ಮರುದಿನ ಆಕೆ ವಿಶ್ರಾಂತಿ ಪಡೆದಳು. ಅದರ ಮರುದಿನ ನಾವಿಬ್ಬರೂ ಮಾಡಿದ ಕೆಲಸವೊಂದೇ. ಊರಿನ ದೊಡ್ಡ ಕಾಲುವೆಯಲ್ಲಿ ಉದ್ದಕ್ಕೂ ನಿಂತು ನಿಂತು ಹೋಗುವ 1ನೆಯ ನಂಬರಿನ ದೋಣಿಯನ್ನು ಹತ್ತಿ, ತುದಿಯಿಂದ ತುದಿಗೆ ಮೂರು ಸಲ ಹೋಗಿಬಂದೆವು. ಒಂದೊಂದು ಸಲಕ್ಕೆ ಚೀಟಿ ಕೊಳ್ಳುವುದಕ್ಕಿಂತ ದಿನದ ಚೀಟಿ ಲಾಭ. ಅರಮನೆಗಳನ್ನು ಪುಸ್ತಕದಲ್ಲಿಯೂ ನೋಡಬಹುದು. ಆದರೆ ತರಕಾರಿ ಬರುವುದು ದೋಣಿಯಲ್ಲಿ, ಕಸ ಹೋಗುವುದು ದೋಣಿಯಲ್ಲಿ, ವಸತಿಗೃಹಗಳ ಮೈಲಿಗೆ ಬಟ್ಟೆ ಗಂಟುಗಟ್ಟಲೆ ಹೋಗುವುದು ದೋಣಿಯಲ್ಲಿ, ರೋಗಿಯನ್ನು ಸಾಗಿಸುವುದೂ ದೋಣಿಯಲ್ಲಿ ಎಂಬುದನ್ನು ಕುಳಿತವರೇ ಕಾಣಬಲ್ಲರು. “ನೀರಿನ ಮೇಲೆ ಸಂಸಾರ ಮಾಡುವುದೆಂದರೆ ಎಷ್ಟು ಕಷ್ಟ ನೋಡಿ” ಎಂದಳು ಗೃಹಿಣಿ. ನೋಡಿದೆವು.

ಇಟಲಿಯ ಕಾಫಿಯ ಅಂಗಡಿಗಳಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕುಳಿತು ಕುಡಿದರೆ ಹೆಚ್ಚಿನ ಬೆಲೆ. ಭಾರತದಿಂದ ಹೊರದೇಶಗಳಿಗೆ ಹೋಗುವ ಕಾಫಿಯಲ್ಲಿ ಅತಿ ದೊಡ್ಡ ಪಾಲನ್ನು ಕೊಳ್ಳುವುದು ಇಟಲಿ. ಭಾರತದ ಕಾಫಿಯ ಬಹುಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳ ಬೆಳೆ. ಹೀಗೆ ನೆಂಟಸ್ತಿಕೆ ಹಳೆಯದೆಂದು ಧೈರ್ಯಮಾಡಿ ಕುಳಿತೇ ಕುಡಿದೆವು.

ವಿಯೆನ್ನಾಕ್ಕೆ ಹೋಗುವ ರೈಲು 1854ರಲ್ಲಿ ತೆರೆದ ಸೆಮ್ಮರಿಂಗ್ ಘಟ್ಟದ ಹಾದಿಯನ್ನು ಹಾಯುವುದು. ಕಲ್ಲುಕಮಾನುಗಳ ಮೇಲೆ ಬಳಸಿ ಬಳಸಿ ಇಳಿಯುವ ಆ ದಾರಿಯನ್ನು ಹಗಲಿನಲ್ಲಿಯೇ ನೋಡಬೇಕು. ವಿಯೆನ್ನಾದಲ್ಲಿ ಕಾಫಿಯನ್ನು ಪುಟ್ಟ ತಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ತಂದಿಡುವರು. ಒಂದು ಬಟ್ಟಲಿಗೆ ಹಣ ಕೊಟ್ಟವನು ವೃತ್ತಪತ್ರಿಕೆ ಓದಿಕೊಂಡು ಅರ್ಧ ದಿನ ಕುಳಿತರೂ ಏಳೆನ್ನುವವರಿಲ್ಲ. 2011ರಲ್ಲಿ ಆಸ್ಟ್ರಿಯ ದೇಶದವರು ಈ ಪದ್ಧತಿಯನ್ನು ತಮ್ಮ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿಯೇ ಸೇರಿಸಿಕೊಂಡಿರುವರು. ಗೃಹಿಣಿಗೆ ಈ ಪಟ್ಟಿ ಬಹಳ ಮೆಚ್ಚುಗೆಯಾಯಿತು.

ಆ ಊರಿನಲ್ಲಿ 1891ರಲ್ಲಿ ತೆರೆದ ದೊಡ್ಡ ಕಲಾಸಂಗ್ರಹಾಲಯದಲ್ಲಿ ನಾವು ನೋಡಿದ್ದು ಒಂದೇ ಕೋಣೆಯನ್ನು. ಹದಿನಾರನೆಯ ಶತಮಾನದ ಬ್ರೂಗೆಲ್ ಎಂಬ ಚಿತ್ರಕಾರನ ಕೃತಿಗಳು ಬೇರೆಲ್ಲಿಯೂ ಇಲ್ಲದಷ್ಟು ಅಲ್ಲಿವೆ. ಅವುಗಳಲ್ಲಿ ಹಳ್ಳಿಯ ರೈತರ ಮದುವೆಯೂಟದ ಚಿತ್ರವೊಂದು. ಬಡಿಸುವವರಿಬ್ಬರು ಕೀಲು ಕಳಚಿದ ಬಾಗಿಲನ್ನೇ ತಟ್ಟೆಯಾಗಿ ಮಾಡಿಕೊಂಡು ಅದರ ಮೇಲೆ ಬೋಗುಣಿಗಳನ್ನು ಹೊತ್ತು ತರುತ್ತಿರುವರು. ಒಬ್ಬನು ಹೂಜಿಗಳಿಗೆ ಪಾನೀಯ ತುಂಬಿಸುತ್ತಿರುವನು. ವಾದ್ಯದವನು ಊದುವುದನ್ನು ಮರೆತು ಊಟದ ಕಡೆಗೆ ನೋಡುತ್ತಿರುವನು. ದೊಡ್ಡ ಟೋಪಿಯೊಳಗೆ ಮುಖ ಮುಳುಗಿದ ಮಗುವೊಂದು ನೆಲದಲ್ಲಿ ಕುಳಿತು ಬೆರಳು ನೆಕ್ಕುತ್ತಿರುವುದು. ಕೈಕಟ್ಟಿ ಕುಳಿತ ಮದುಮಗಳು ತನ್ನಷ್ಟಕ್ಕೆ ತಾನು ನಗುತ್ತಿರುವಳು. ನಮ್ಮ ಮದುವೆಯ ಮನೆಗಳ ಪಂಕ್ತಿಯೇ ಅದು.

ಗೃಹಿಣಿ ಚಿತ್ರದ ಮುಂದಿನ ಆಸನದಲ್ಲಿ ಬಹಳ ಹೊತ್ತು ಕುಳಿತಿದ್ದು, “ಮದುಮಗನೆಲ್ಲಿ?” ಎಂದಳು. ಹುಡುಕಿದೆವು. ಖಚಿತವಾಗಿ ಇವನೇ ಎನ್ನುವಂತೆ ಯಾರೂ ಕಾಣಲಿಲ್ಲ. ಪಂಡಿತರೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲವೆಂದು ತಿಳಿಸಿದೆವು. “ಅದರಲ್ಲಿ ಕಷ್ಟವೇನು? ಮುಂದೆ ನಡೆದುಹೋಗಿರುತ್ತಾನೆ” ಎಂದಳು.

ಇನ್ನು ಹೊರಡುವವರಿಗೆ ಎರಡು ಮಾತು. ಹಾಲು, ಮಾಂಸ ಮತ್ತು ಅವುಗಳಿಂದಾದ ಪದಾರ್ಥಗಳನ್ನು ಹೊರಗಿನಿಂದ ಒಯ್ಯಲು ಆ ದೇಶಗಳಲ್ಲಿ ನಿಷೇಧವಿದೆ. ತುಪ್ಪದ ಡಬ್ಬಿಯನ್ನು ಮನೆಯಲ್ಲಿಯೇ ಬಿಡಿರಿ. ಅವಲಕ್ಕಿ, ಚಟ್ನಿಪುಡಿಗಳು ನಮ್ಮನ್ನು ಕಾಪಾಡಿದುವು. ಸಸ್ಯಾಹಾರಿಗಳು ಸಾರನ್ನು ಯಾವ ನೀರಿನಲ್ಲಿ ಬೇಯಿಸಿದರೆಂದು ಕೇಳಿಯೇ ಕುಡಿಯಬೇಕು. ಪಾರ್ಮೆಸಾನ್ ಗಿಣ್ಣವನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದ ರಸದಿಂದ ಎಂಬುದನ್ನೂ ತಿಳಿದಿರಬೇಕು. ಮೊಬೈಲು, ಸ್ವಲ್ಪ ಹಣ, ವಸತಿಯ ವಿಳಾಸ, ಇವು ಇಬ್ಬರಲ್ಲಿಯೂ ಬೇರೆಬೇರೆಯಾಗಿ ಇರತಕ್ಕದ್ದು. ಒಂದೊಂದು ಊರಿಗೆ ನಾಲ್ಕು ರಾತ್ರಿಗೆ ಕಡಿಮೆಯಿಡಬೇಡಿರಿ. ಎಲ್ಲಕ್ಕೂ ಮಿಗಿಲಾಗಿ, ಇಬ್ಬರಲ್ಲಿ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯಿಂದಲೇ ದಿನದ ಲೆಕ್ಕ ಹಾಕಿರಿ.

ಮರಳಿ ಬಂದು ಈಗ ಬಹಳ ತಿಂಗಳಾದುವು. ಮಂಡಿ ವಾಸಿಯಾಗಿದೆ. ಆದರೂ ಸಂಜೆ ತರಕಾರಿಯ ಪೇಟೆಗೆ ಹೋಗುವಾಗ ಹಳೆಯ ಅಭ್ಯಾಸದಿಂದ ನಮ್ಮ ಕಾಲು ಮುಂದಾಗುವುದುಂಟು. ಆಗ ಹಿಂದಿನಿಂದ, ಸಣ್ಣ ದನಿಯಲ್ಲಿ, “ಮದುಮಗನೆಲ್ಲಿ?” ಎಂದು ಕೇಳಿಬರುವುದು. ನಾವು ನಿಲ್ಲುವೆವು.